ಯಾವ ಸ್ಟೇಷನ್ನಿನಲ್ಲಿ ಹತ್ತಿತು

ವಾಲ್ನಟ್ ಕ್ರೀಕ್
ಜನವರಿ ೧೨, ೨೦೨೫

ಕಾಶವ್ವ,

ನಿನ್ನ ಕಿವಿ ಮಂದವಾದಾಗಿನಿಂದ ನಾನು ಫೋನಿನಲ್ಲಿ ಕೂಗುವುದು, ನೀನು "ಹಾಂ? ಏನಂದ್ರಿ ಮಾಮಾ?" ಅನ್ನುವುದು, ಇಲ್ಲಿ ಅಮೆರಿಕದಲ್ಲಿ ಮಗಳ ಮನೆಯ ಮಂದಿ ಪಡಸಾಲೆಯಲ್ಲಿ ನಿಂತು ನಗುವುದು ಸಾಕಾಗಿದೆ. ಅದಕ್ಕೇ ಹಾಳೆಯ ಮೇಲೆ ಬರೆದು, ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತಿದ್ದೇನೆ. ನೀನೂ ಹಾಗೆಯೇ ಮಾಡು. ಮೂವತ್ತು ವರ್ಷ ಗದಗಿನ ಮಕ್ಕಳಿಗೆ ಕಾಪಿ ಬರೆಸಿದವಳು, ನಿನ್ನ ಅಕ್ಷರಕ್ಕೇನು ಕಡಿಮೆ. ಇನ್ನೊಂದು ಕಾರಣವೂ ಇದೆ. ಈ ವಿಷಯ ಮಾಧುರಿಯ ಕಿವಿಗೆ ಬೀಳಬಾರದು. ನಿನ್ನಕ್ಕ ತೀರಿ ನಾಲ್ಕು ವರ್ಷವಾದರೂ, ಅವ್ವನ ಸುದ್ದಿ ತೆಗೆದರೆ ನನ್ನ ಮಗಳು ಪಾತ್ರೆ ತೊಳೆಯಲು ಎದ್ದು ಹೋಗುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಟು ಕಮ್ ಟು ದ ಪಾಯಿಂಟ್ ಅಂತ ಧಾರವಾಡದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು ಅನ್ನುತ್ತಿದ್ದರು, ಅಂದ ಮೇಲೆ ಅರ್ಧ ತಾಸು ಬೇರೆಲ್ಲೋ ತಿರುಗಾಡಿ ಬರುತ್ತಿದ್ದರು. ನನ್ನ ರಕ್ತದಲ್ಲಿ ಕಬ್ಬಿಣದ ಅಂಶ ಇಳಿದಿದೆ ಎಂದು ಇಲ್ಲಿಯ ಡಾಕ್ಟರು ಒಂದು ಚೀಲದೊಳಗೆ ಉಸಿರು ಊದಿಸಿದಳು. ಹುಳಿ ನೀರಿನಂಥದ್ದು ಕುಡಿಸಿದಳು. ಕಾಲು ತಾಸು ಬಿಟ್ಟು ಮತ್ತೆ ಊದಿಸಿದಳು. ಜಾತ್ರೆಯ ಪುಗ್ಗಿ ಊದಿದಂತೆ ಊದಿ ಬಂದೆ. ಎರಡು ದಿನದ ಮೇಲೆ ಕರೆದು, ನಿಮ್ಮ ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದೆ ಅಂದಳು. ಗ್ರೀಕ್ ಸೇನಾಪತಿಯ ಹೆಸರಿನಂತಿದೆ. ಜಠರದ ಆಮ್ಲದಲ್ಲೂ ಅದು ಸಾಯುವುದಿಲ್ಲವಂತೆ. ಸಣ್ಣಂದಿನಲ್ಲಿ ಹೊಕ್ಕರೆ ಐವತ್ತು, ಅರವತ್ತು ವರ್ಷ ಅಲ್ಲೇ ಸಂಸಾರ ಹೂಡುತ್ತದಂತೆ. ಬಹಳ ಮಂದಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಹುಣ್ಣು. ಇನ್ನೂ ಕೆಲವೇ ಕೆಲವರಿಗೆ, ವರ್ಷಗಟ್ಟಲೆ ಉರಿದು ಉರಿದು, ಜಠರದ ಕ್ಯಾನ್ಸರು.

ಕಾಶವ್ವ, ಆ ಶಬ್ದ ಕೇಳಿದಾಗ ನನ್ನ ಕೈ ಕುರ್ಚಿಯ ಹಿಡಿಕೆಯ ಮೇಲಿತ್ತು. ಅಲ್ಲೇ ಉಳಿಯಿತು.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿತ್ತಾ?" ಅಂದಳು. ನನ್ನ ಹೆಂಡತಿಗೆ ಅಂದೆ. ಅವಳು ಕಂಪ್ಯೂಟರಿನ ಕಡೆ ತಿರುಗಿ ಏನೋ ಹೊಡೆದಳು. ಗಂಡನಿಂದ ಹೆಂಡತಿಗೆ ದಾಟುತ್ತದೆಯೇ ಎಂದು ಕೇಳಿದೆ. ಬಾಯಿಂದ ಬಾಯಿಗೆ, ಎಂಜಲಿನಿಂದ ದಾಟಬಹುದು, ಹೆಚ್ಚಿನವರಿಗೆ ಹುಟ್ಟಿದ ಮನೆಯಲ್ಲೇ ತಗಲುತ್ತದೆ, ಯಾರಿಂದ ಯಾರಿಗೆ ಎಂದು ಹೇಳಲಾಗದು ಅಂದಳು. ಇನ್ ಬ್ಲ್ಯಾಕ್ ಅಂಡ್ ವೈಟ್ ಕೊಡಿ ಅಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ.

ನಿನಗೆ ಗೊತ್ತು, ನಲವತ್ತಾರು ವರ್ಷ ನಿನ್ನಕ್ಕ ಸುಮನ್ ನಾನು ಉಂಡೆದ್ದ ತಾಟಿನಲ್ಲೇ ಉಂಡಳು. ತೊಳೆಯದೆ. ನನ್ನವ್ವ ಕಲಿಸಿದ್ದು ಎಂದುಕೊಂಡಿದ್ದೆ. ಅವ್ವ ಸತ್ತ ಮೇಲೂ ಬಿಡಲಿಲ್ಲ. "ಬ್ಯಾರೆ ತಾಟ ತಗೋಬಾರದೇನ?" ಅಂದರೆ, "ಯಾಕ, ಇದಕ್ಕೇನಾಗೇತಿ?" ಅನ್ನುತ್ತಿದ್ದಳು. ನನಗೂ ಒಳಗೊಳಗೆ ಹೆಮ್ಮೆ ಇತ್ತು ಅಂತಿಟ್ಟುಕೋ.

ರೈಲ್ವೆಯ ಕ್ಲೇಮ್ಸ್ ಕಚೇರಿಯಲ್ಲಿ ಮೂವತ್ತೈದು ವರ್ಷ ನನ್ನ ಕೆಲಸ ಒಂದೇ: ಪಾರ್ಸೆಲ್ಲು ಒಡೆದು ಬಂದರೆ ಅದು ಯಾವ ಸ್ಟೇಷನ್ನಿನಲ್ಲಿ ಒಡೆಯಿತು, ಹತ್ತಿಸುವಾಗ ಹೇಗಿತ್ತು, ಇಳಿಸುವಾಗ ಹೇಗಿತ್ತು ಎಂದು ಪತ್ರ ಬರೆದು ಪತ್ತೆ ಹಚ್ಚುವುದು. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಹತ್ತಿಸಿದ ಸ್ಟೇಷನ್ನು ನಿಮ್ಮ ಮನೆ. ಆದ್ದರಿಂದ ನಿನ್ನನ್ನು ಕೇಳುತ್ತೇನೆ. ಮದುವೆಗೆ ಮೊದಲು ನಿನ್ನಕ್ಕನಿಗೆ ಹೊಟ್ಟೆಯ ತೊಂದರೆ ಏನಾದರೂ ಇತ್ತೇ? ನೆನಪು ಮಾಡಿಕೊಂಡು ಬರೆ. ಬೇಗ ಬರೆ. ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗುತ್ತಿಲ್ಲ. ಮುಂಜಾನೆಯಿಂದ ಮೂರು ಸಲ ಬಾರ್ಟ್ ರೈಲಿನ ಸ್ಟೇಷನ್ನಿನವರೆಗೆ ನಡೆದು, ರೈಲು ಹತ್ತದೆ ಮರಳಿ ಬಂದೆ.

ಅಪ್ಪಾಸಾಹೇಬ


ಗದಗ
ಜನವರಿ ೧೯, ೨೦೨೫

ಮಾಮಾರಿಗೆ ಕಾಶವ್ವನ ನಮಸ್ಕಾರ.

ನಿಮ್ಮ ಹಾಳೆಗಳು ಮುಟ್ಟಿದವು. ಕನ್ನಡಕ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ ಓದಿದೆ.

ಅಕ್ಕನಿಗೆ ತವರಿನಲ್ಲಿ ಏನೂ ಇರಲಿಲ್ಲ. ಕಲ್ಲು ತಿಂದು ಕರಗಿಸುವ ಹೊಟ್ಟೆ ಅವಳದು. ಹಸಿ ಮೆಣಸಿನಕಾಯಿ ಖಾರದಲ್ಲಿ ಎರಡು ರೊಟ್ಟಿ ಉಣ್ಣುತ್ತಿದ್ದಳು. ನಮ್ಮವ್ವ ಎಷ್ಟು ಮಡಿ, ಎಷ್ಟು ಸ್ವಚ್ಛ ಎಂಬುದು ನಿಮಗೇ ಗೊತ್ತು. ನೀರು ಸೋಸದೆ ಕುಡಿದ ಮನೆಯಲ್ಲ ನಮ್ಮದು. ನೀವು ಹಾಗೆಂದಿರಿ ಎಂದಲ್ಲ, ಆದರೂ ಹೇಳುತ್ತಿದ್ದೇನೆ.

ಡಾಕ್ಟರು ಕೊಟ್ಟ ಗುಳಿಗೆ ತೆಗೆದುಕೊಳ್ಳಿರಿ. ಹೋದವಳ ವಿಚಾರ ಮಾಡಿ ಇದ್ದವರ ಹೊಟ್ಟೆ ಕೆಡಿಸಬೇಡಿರಿ. ಇಲ್ಲಿ ಎಲ್ಲ ಆರಾಮ. ಮಗ ಶಿವರಾಜನಿಗೆ ಕೆಲಸದ ಓಡಾಟ. ನನಗೆ ಸ್ವಲ್ಪ ಪಿತ್ತ, ಅಷ್ಟೇ. ಜೀರಿಗೆ ಕಷಾಯ ಕುಡಿಯುತ್ತಿದ್ದೇನೆ.

ಕಾಶವ್ವ


ವಾಲ್ನಟ್ ಕ್ರೀಕ್
ಫೆಬ್ರವರಿ ೨, ೨೦೨೫

ಕಾಶವ್ವ,

ನಿನ್ನ ಉತ್ತರಕ್ಕೆ ಉಪಕಾರ. ನೇರವಾಗಿ ಬರೆದೆ. ಹತ್ತಿಸಿದ ಸ್ಟೇಷನ್ನಿನ ರಿಮಾರ್ಕು: ಸರಕು ಸುಸ್ಥಿತಿಯಲ್ಲಿತ್ತು. ಇನ್ ಗುಡ್ ಕಂಡೀಶನ್. ಅಂದ ಮೇಲೆ ಒಡೆದದ್ದು ದಾರಿಯಲ್ಲಿ. ದಾರಿಯಲ್ಲಿದ್ದವನು ನಾನೊಬ್ಬನೇ. ಇಂಥ ಕೇಸು ನನ್ನ ಟೇಬಲ್ಲಿಗೆ ಬಂದಿದ್ದರೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ.

ಗುಳಿಗೆ ಸುರು ಮಾಡಿದ್ದೆ. ನಾಲ್ಕು ನಮೂನೆ, ದಿನಕ್ಕೆ ನಾಲ್ಕು ಸರತಿ, ಹದಿನಾಲ್ಕು ದಿನ. ಬಾಯೆಲ್ಲ ತುಕ್ಕು ಹಿಡಿದ ಮೊಳೆ ಚೀಪಿದಂತೆ. ಹೊರಕಡೆ ಹೋದರೆ ಡಾಂಬರು. ಡಾಕ್ಟರು ನನ್ನನ್ನು ಹೋಸ್ಟ್ ಅನ್ನುತ್ತಾಳೆ. ಆತಿಥ್ಯ ಮಾಡುವವನು! ಕರೆಯದೆ ಬಂದವರಿಗೆ ಅರವತ್ತು ವರ್ಷ ಊಟ ಹಾಕಿದ್ದೇನೆ, ದೊಡ್ಡ ಮನೆತನದವನು ನಾನು.

ಮನೆಯಲ್ಲಿ ನನ್ನ ತಾಟು, ಲೋಟ, ಚಮಚ ಬೇರೆ ಇಟ್ಟುಕೊಂಡೆ. ಕೆಂಪು ದಾರ ಕಟ್ಟಿದ್ದೇನೆ. ಮೊಮ್ಮಗಳು ಮಾನ್ಯಾಳಿಗೆ ಆರು ವರ್ಷ, ಸಂಜೆ ಅವಳಿಗೆ ಸಜ್ಜಕ ಮಾಡಿ ನನ್ನ ಕೈಯಿಂದಲೇ ಉಣಿಸುತ್ತಿದ್ದೆ, ಅದು ನಮ್ಮಿಬ್ಬರ ಆಟ. ಬಿಟ್ಟೆ. "ಅಜ್ಜಾ, ಆರ್ ಯೂ ಮ್ಯಾಡ್ ಅಟ್ ಮೀ?" ಅಂದಿತು. ಸಿಟ್ಟಿಲ್ಲವ್ವ, ನೀನೇ ತಿನ್ನು ಎಂದು ಬಟ್ಟಲು ಅವಳ ಕಡೆ ಸರಿಸಿದೆ. ಅವಳವ್ವ ಬಂದು, "ಅಪ್ಪಾ, ಏನ್ ನಡಿಸೀರಿ? ನಮ್ಮನಿ ತಾಟ ನಿಮಗ ಮೈಲಿಗಿ ಆತೇನ? ನಾ ಏನ್ ತಪ್ಪ ಮಾಡೇನಿ ಹೇಳಿಬಿಡ್ರಿ" ಅಂದಳು. ಏನಿಲ್ಲವ್ವ ಅಂದೆ. ಅವಳು ಪಾತ್ರೆ ತೊಳೆಯಲು ಹೋದಳು. ಇಲ್ಲಿ ಪಾತ್ರೆ ತೊಳೆಯುವ ಮಷೀನು ಇದೆ, ಆದರೂ ಕೈಯಿಂದ ತೊಳೆದಳು.

ನಿನ್ನ ಪತ್ರವನ್ನು ಎರಡನೆಯ ಸಲ ಓದಿದ ದಿನ, ಅಂದರೆ ಗುಳಿಗೆಯ ಐದನೆಯ ದಿನ, ನಿಲ್ಲಿಸಿಬಿಟ್ಟೆ. ಡಬ್ಬಿಗಳನ್ನು ಸೂಟ್‌ಕೇಸಿನಲ್ಲಿ ಇಟ್ಟಿದ್ದೇನೆ. ನಾನು ಕೊಟ್ಟದ್ದು ಅವಳನ್ನು ತಿಂದಿತು. ನಾನು ಮಾತ್ರ ಹದಿನಾಲ್ಕು ದಿನದಲ್ಲಿ ಸ್ವಚ್ಛ ಆಗಿ, ಚೀಲದೊಳಗೆ ಉಸಿರು ಊದಿ, ಪಾಸಾಗಿ ಬರುವುದೇ? ಇರಲಿ, ನನ್ನ ಹೊಟ್ಟೆಯಲ್ಲೇ ಇರಲಿ ಅದು. ಮಾಡುವುದು ಏನಿದೆಯೋ ಮಾಡಲಿ.

ಮಾಧುರಿ, ಮಾನ್ಯಾ ಇಬ್ಬರೂ ತಪಾಸಣೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದಾಳೆ. ಅದನ್ನು ಹೇಗೆ ಹೇಳಲಿ? ಹೇಳಿದರೆ ಯಾಕೆಂದು ಕೇಳುತ್ತಾಳೆ. ಯಾಕೆಂದು ಹೇಳಿದರೆ, ನಿನ್ನವ್ವನನ್ನು ಕೊಂದವನು ಇಲ್ಲಿ ಸೋಫಾದ ಮೇಲೆ ಕುಳಿತಿದ್ದಾನೆ ಎಂದು ಹೇಳಿದಂತೆ.

ಅಪ್ಪಾಸಾಹೇಬ


ವಾಲ್ನಟ್ ಕ್ರೀಕ್
ಫೆಬ್ರವರಿ ೧೬, ೨೦೨೫

ಕಾಶವ್ವ,

ಎರಡು ವಾರವಾಯಿತು. ನೀನು ಓದಿದ್ದೀ, ಮೊಬೈಲಿನಲ್ಲಿ ನೀಲಿ ಗೆರೆಗಳು ಬಿದ್ದಿವೆ. ಉತ್ತರ ಇಲ್ಲ. ಅಕ್ಕನ ಗಂಡನ ಮುಖ ನೋಡುವುದು ಬೇಡವೆನಿಸಿರಬೇಕು. ನಿನ್ನ ಜಾಗದಲ್ಲಿದ್ದರೆ ನಾನೂ ಬರೆಯುತ್ತಿರಲಿಲ್ಲ. ದಟ್ ಈಸ್ ಬಟ್ ನ್ಯಾಚುರಲ್.

ಇವತ್ತು ಮಾಧುರಿ ನಮ್ಮನ್ನೆಲ್ಲ ಕಾರಿನಲ್ಲಿ ಹಾಕಿಕೊಂಡು ಮಾರ್ಗನ್ ಹಿಲ್‌ಗೆ ಹೋಗಿದ್ದಳು, ಅಲ್ಲಿ ಧಾರವಾಡ ಕಡೆಯವರ ಮನೆಯಲ್ಲಿ ಊಟ. ಫ್ರೀವೇ ಮೇಲೆ ಒಂದೂವರೆ ತಾಸು. ಜೋಳದ ರೊಟ್ಟಿ, ಎಣ್ಣೆಗಾಯಿ, ಎಲ್ಲ ಇತ್ತು. ಎಲ್ಲರೂ ಸುತ್ತ ಕುಳಿತು ಒಂದೇ ಬಟ್ಟಲಿನಿಂದ ಶೇಂಗಾ ಚಟ್ನಿ ಬೆರಳಿನಿಂದ ತೆಗೆದುಕೊಳ್ಳುತ್ತಿದ್ದರು. ನಾನು ಹೊಟ್ಟೆ ಸರಿಯಿಲ್ಲವೆಂದು ಎದ್ದು ಅವರ ಹಿತ್ತಲಿನಲ್ಲಿ ತಿರುಗಾಡಿದೆ. ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ. ಮನೆಯಾತ ಬಂದು, "ಏನ್ರಿ ಕಾಕಾರ, ಜಾಗಾ ಅಳಿಯಾಕತ್ತೀರೇನ? ಮಾರೂದಿಲ್ರಿ ನಾವು" ಅಂದ. ಎಲ್ಲರೂ ನಕ್ಕರು. ಮಾಧುರಿ ನಗಲಿಲ್ಲ.

ಬೈಯುವುದಾದರೆ ಬೈದು ಬರೆ. ಸುಮ್ಮನಿರಬೇಡ.

ಅಪ್ಪಾಸಾಹೇಬ


ಗದಗ
ಮಾರ್ಚ್ ೯, ೨೦೨೫

ಮಾಮಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನೂ ಹರಿಯುವ ಮೊದಲು ಫೋಟೋ ತೆಗೆದುಬಿಡುತ್ತೇನೆ.

ನಾನು ಸುಳ್ಳು ಬರೆದಿದ್ದೆ.

ಅಕ್ಕ ಹದಿನೇಳನೆಯ ವಯಸ್ಸಿನಲ್ಲಿ ರಕ್ತ ಕಾರಿದ್ದಳು. ಬಚ್ಚಲಿನಲ್ಲಿ. ನಾನು ಹನ್ನೆರಡರವಳು, ಚೊಂಬು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಗದಗಿನ ಡಾಕ್ಟರು ಹೊಟ್ಟೆಯಲ್ಲಿ ಹುಣ್ಣು ಎಂದರು. ಎರಡು ತಿಂಗಳು ಹಾಲು, ಗಂಜಿ. ಆಮೇಲೂ ಆಗಾಗ ಹೊಟ್ಟೆ ಹಿಡಿದುಕೊಂಡು ಬಗ್ಗಿ ಕುಳಿತುಬಿಡುತ್ತಿದ್ದಳು. ಖಾರ ಮುಟ್ಟುತ್ತಿರಲಿಲ್ಲ. ಮೆಣಸಿನಕಾಯಿಯ ಮಾತು ನಾನು ಕಟ್ಟಿದ್ದು.

ಎರಡು ವರ್ಷದ ಮೇಲೆ ನೀವು ಕನ್ಯಾ ನೋಡಲು ಬಂದಿರಿ. ಹಿಂದಿನ ದಿನ ಅವ್ವ ನಮ್ಮಿಬ್ಬರನ್ನೂ ಕೋಣೆಯೊಳಗೆ ಕರೆದು, ತನ್ನ ಕೊರಳಿನ ಲಿಂಗದ ಮೇಲೆ ಕೈ ಇಡಿಸಿದಳು. "ಹೊಟ್ಟಿ ಮಾತು ಈ ಕ್ವಾಣಿ ದಾಟಬಾರದು. ಹುಣ್ಣಿನ ಹುಡುಗಿನ್ನ ಯಾರ ಒಯ್ತಾರ?" ಅಂದಳು. ನಿಮ್ಮವ್ವ ಮರುದಿನ, "ಹುಡುಗಿ ತೆಳ್ಳಗದಾಳ, ಉಣ್ತಾಳೋ ಇಲ್ಲೋ?" ಎಂದು ಕೇಳಿದರು. "ಉಣ್ಣೂದು ಕೇಳಬ್ಯಾಡ್ರಿ, ಗಾಡಿ ಜ್ವಾಳಾ ಬೇಕು" ಎಂದು ನಮ್ಮವ್ವ ನಕ್ಕಳು. ಅಕ್ಕ ತಲೆ ಬಗ್ಗಿಸಿದ್ದಳು. ನಾಚಿಕೆ ಎಂದು ನೀವೆಲ್ಲ ತಿಳಿದಿರಿ.

ಇನ್ನು ತಾಟಿನ ಮಾತು. ಇದನ್ನು ಬರೆಯಲಾಗದೆಯೇ ನಾಲ್ಕು ಹಾಳೆ ಹರಿದೆ. ಮದುವೆಯಾಗಿ ಮೂರು ವರ್ಷಕ್ಕೆ ನಿಮ್ಮಲ್ಲಿಗೆ ಬಂದಾಗ ನಾನೇ ಅವಳ ಜೊತೆ ಜಗಳಾಡಿದ್ದೆ, ಇದೇನು ಹಳೇ ಕಾಲದವರಂತೆ ಗಂಡನ ಎಂಜಲು ತಾಟಿನಲ್ಲಿ ಉಣ್ಣುತ್ತೀ ಎಂದು. ಅವಳು ನಕ್ಕು ಹೇಳಿದಳು: "ಹುಚ್ಚಿ, ಬ್ಯಾರೆ ತಾಟ ಹಚಗೊಂಡ್ರ ಎಷ್ಟ ಉಂಡೆ, ಎಷ್ಟ ಬಿಟ್ಟೆ ಅಂತ ಅತ್ತಿ ನೋಡ್ತಾಳ. ಅವ್ರ ತಾಟಿನಾಗಾದ್ರ ಆಗ್ಲೇ ರೊಟ್ಟಿ ಚೂರು, ಪಲ್ಯಾ ಇರ್ತಾವ. ನಾ ಉಂಡದ್ದು ಯಾವುದು, ಅವ್ರು ಬಿಟ್ಟದ್ದು ಯಾವುದು, ಯಾರಿಗೆ ತಿಳಿತೈತಿ?" ನಿಮ್ಮವ್ವನ ಮಾತು ಮುರಿಯದೆ, ತನಗೆ ಸೇರಿದಷ್ಟೇ ತಿಂದು, ಉಳಿದದ್ದನ್ನು ದನಕ್ಕೆ ಹಾಕುತ್ತಿದ್ದಳು.

ನಿಮ್ಮಿಂದ ಅವಳಿಗೆ ಬರಲಿಲ್ಲ ಮಾಮಾ. ನಿಮ್ಮ ಮನೆಗೆ ಬರುವಾಗಲೇ ತಂದಿದ್ದಳು. ಅವಳಿಂದ ನಿಮಗೆ ಬಂದಿದ್ದರೂ ಬಂದಿರಬಹುದು. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡಿರಿ, ಅವ್ವ, ಅಕ್ಕ ಇಬ್ಬರೂ ಇಲ್ಲ. ಆದರೆ ಗುಳಿಗೆ ತೆಗೆದುಕೊಳ್ಳಿರಿ.

ಕಾಶವ್ವ


ವಾಲ್ನಟ್ ಕ್ರೀಕ್
ಮಾರ್ಚ್ ೯, ೨೦೨೫

ಕಾಶವ್ವ,

ನಿನ್ನ ಪತ್ರ ಬಂದು ಎರಡು ತಾಸಾಯಿತು. ನಲವತ್ತಾರು ವರ್ಷ! ಒಂದೇ ಸೂರಿನ ಕೆಳಗೆ! ನನಗೆ ಗೊತ್ತಿದ್ದರೆ ಯಾವ ಡಾಕ್ಟರಿಗಾದರೂ ತೋರಿಸುತ್ತಿದ್ದೆ. ರೈಲ್ವೆ ಆಸ್ಪತ್ರೆ ಕೂಗಳತೆಯಲ್ಲಿತ್ತು. ಆಮೇಲಾಮೇಲೆ ಈ ಕ್ರಿಮಿಗೆ ಗುಳಿಗೆಯೂ ಬಂದಿತ್ತು, ನಾನು ಓದಿಕೊಂಡಿದ್ದೇನೆ. ನಿಮ್ಮವ್ವ ಮದುವೆ ಮಾಡಿದಳು, ಮಗಳನ್ನು ಕಳೆದಳು. ನಾನು ಒಯ್ಯುತ್ತಿರಲಿಲ್ಲ ಎಂದು ಯಾರು ಹೇಳಿದರು ಅವಳಿಗೆ? ನನ್ನನ್ನು ಯಾರಾದರೂ ಕೇಳಿದರೇನು?

ಇದನ್ನು ಬರೆದು ಎದ್ದು ಹೊರಗೆ ಹೋದೆ. ಎಷ್ಟು ಸುತ್ತು ಹಾಕಿದೆನೋ. ಈಗ ಮರಳಿ ಬಂದು ಬರೆಯುತ್ತಿದ್ದೇನೆ.

ನಾನು ದೊಡ್ಡ ಮಾತಾಡುವಂತಿಲ್ಲ. ಎರಡು ಸಾವಿರದ ಇಪ್ಪತ್ತರಲ್ಲಿ ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಹೊರಗೆ ಕರೆದು ಕ್ಯಾನ್ಸರು ಎಂದರು, ಪೇಷಂಟಿಗೆ ಹೇಳಬೇಡಿರಿ ಎಂದರು. ನಾನು ಒಳಗೆ ಹೋಗಿ ಸುಮನ್‌ಗೆ, "ಏನಿಲ್ಲ, ಅಲ್ಸರ್ ಅಂತ" ಅಂದೆ. ಅವಳು ನನ್ನ ಮುಖ ನೋಡಿ, "ಅದು ನನಗ ಗೊತ್ತಿರೂದಽ ಬಿಡ್ರಿ" ಅಂದಳು. ಆಗ ನನಗೆ ತಿಳಿಯಲಿಲ್ಲ. ಕೊನೆಯವರೆಗೂ ಅವಳಿಗೆ ನಾನು ಹೇಳಲಿಲ್ಲ, ನನಗೆ ಅವಳು ಹೇಳಲಿಲ್ಲ. ಹನ್ನೊಂದು ತಿಂಗಳು ಹಾಸಿಗೆಯ ಎರಡು ಕಡೆ ಕುಳಿತು ಅಲ್ಸರಿನ ಪಥ್ಯದ ಮಾತಾಡಿದೆವು. ಯಾರ ಮೇಲೆ ಕ್ಲೇಮು ಹಾಕಲಿ?

ಇವತ್ತು ಮಾಧುರಿಯನ್ನು ಕೂರಿಸಿ ಎಲ್ಲ ಹೇಳಿದೆ. ನಿನ್ನ ಪತ್ರವನ್ನೂ ಓದಿ ಹೇಳಿದೆ. ಎದ್ದು ಹೋಗಲಿಲ್ಲ. ಬಹಳ ಹೊತ್ತು ಅತ್ತು, ಆಮೇಲೆ, "ಎರಡ ತಿಂಗಳು ಆತು ಅಪ್ಪಾ, ನಾ ಏನ ಮಾಡೇನಿ ಅಂತ ತಲಿ ಕೆಡಿಸಿಕೊಂಡೇನಿ. ಇದನ್ನ ಬಾಯಿ ಬಿಟ್ಟ ಹೇಳಾಕ ನಿಮಗ ಏನಾಗಿತ್ತು?" ಅಂದಳು. ನಾಳೆಯೇ ತಪಾಸಣೆಗೆ ಹೆಸರು ಬರೆಸಿದ್ದಾಳೆ. ನನ್ನ ಕಿವಿ ಹಿಂಡಿ ಡಾಕ್ಟರಿಗೆ ಫೋನು ಹಚ್ಚಿ ಕೂರಿಸಿದಳು. ಅರ್ಧಕ್ಕೆ ಬಿಟ್ಟು ಕ್ರಿಮಿಗೆ ಪಾಠ ಹೇಳಿಕೊಟ್ಟಿದ್ದೀರಿ, ಈಗ ಬೇರೆ ಔಷಧ ಬೇಕು ಎಂದು ಡಾಕ್ಟರು ಬೈದಳು. ತೆಗೆದುಕೊಳ್ಳುತ್ತೇನೆ.

ಈಗ ನಿನ್ನ ಮಾತು. ಕ್ಲೇಮ್ಸಿನವನು ಪ್ರತಿ ಪತ್ರವನ್ನೂ ಎರಡು ಸಲ ಓದುತ್ತಾನೆ. ಜನವರಿಯಲ್ಲಿ ನೀನು "ಸ್ವಲ್ಪ ಪಿತ್ತ" ಎಂದು ಬರೆದೆ. ನೀನೂ ಅಕ್ಕನೂ ಒಂದೇ ಗಂಗಾಳದಲ್ಲಿ ಉಂಡು ಬೆಳೆದವರು. ಕಾಶವ್ವ, ಎಷ್ಟು ದಿನದಿಂದ ಪಿತ್ತ? ಎಷ್ಟು ತೂಕ ಇಳಿದಿದ್ದೀ? ಹುಬ್ಬಳ್ಳಿಗೆ ಹೋಗಿ ಹೊಟ್ಟೆಯೊಳಗೆ ನಳಿಕೆ ಬಿಟ್ಟು ನೋಡುವ ಪರೀಕ್ಷೆ ಮಾಡಿಸು. ಮಾಡಿಸುವವರೆಗೆ ನಾನು ನಿನಗೆ ಒಂದು ಅಕ್ಷರ ಬರೆಯುವುದಿಲ್ಲ. ಇದು ಸಿಟ್ಟಲ್ಲ. ಸಿಟ್ಟೂ ಇದೆ.

ಅಪ್ಪಾಸಾಹೇಬ


ಹುಬ್ಬಳ್ಳಿ
ಏಪ್ರಿಲ್ ೨೪, ೨೦೨೫

ಮಾಮಾ,

ಆರು ವಾರ ನೀವು ಬರೆಯಲಿಲ್ಲ. ಗೆದ್ದಿರಿ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ನಿನ್ನೆ ಸಂಜೆಯಿಂದ ಉಪವಾಸ. ಶಿವರಾಜನಿಗೆ ನಿವೃತ್ತ ಶಿಕ್ಷಕರ ಸಭೆ ಎಂದು ಹೇಳಿ ಬಸ್ಸು ಹತ್ತಿದೆ.

ಪಿತ್ತ ಒಂದು ವರ್ಷದಿಂದ. ತೂಕ ಒಂಬತ್ತು ಕೆ.ಜಿ. ಇಳಿದಿದೆ. ಸೀರೆ ಉಡುವವರಿಗೆ ಅದನ್ನು ಮುಚ್ಚುವುದು ಸುಲಭ. ಅಕ್ಕನಿಗೆ ಏನಾಯಿತೆಂದು ಕಣ್ಣಾರೆ ನೋಡಿದವಳು ನಾನು, ಅದಕ್ಕೇ ಬಂದಿರಲಿಲ್ಲ.

ಕೌಂಟರಿನ ಹೆಣ್ಣುಮಗಳು, "ಜೋಡಿ ಯಾರ ಬಂದಾರ್ರಿ ಅಜ್ಜಿ? ಒಬ್ರ ಬೇಕಽ ಬೇಕು" ಅಂದಳು. ಬರುತ್ತಾರೆ, ಹೆಸರು ಬರೆದುಕೊ ಅಂದೆ. ನಿಮ್ಮ ಹೆಸರು, ಅಕ್ಕನ ಗಂಡ ಎಂದು ಸಂಬಂಧ, ನಿಮ್ಮ ನಂಬರು ಕೊಟ್ಟೆ. "ಇದ್ಯಾವ ಊರ ನಂಬರ್ರಿ, ಒಂದರಿಂದ ಸುರು ಆಗೈತಿ?" ಅಂದಳು. "ಹಚ್ಚಿ ನೋಡವಾ, ಎತ್ತಿದ ಮ್ಯಾಲೆ ಬಿಡೂದಿಲ್ಲ, ಮಾತು ಜಾಸ್ತಿ ಅವರದು" ಅಂದೆ.

ನನ್ನ ಹೆಸರು ಕರೆದರು.

ಕಾಶವ್ವ


ವಾಲ್ನಟ್ ಕ್ರೀಕ್
ಏಪ್ರಿಲ್ ೨೪, ೨೦೨೫

ಕಾಶವ್ವ,

ಇಲ್ಲಿ ಮುಂಜಾನೆ ಐದೂವರೆ. ಈಗಷ್ಟೇ ಹುಬ್ಬಳ್ಳಿಯಿಂದ ನಿನ್ನ ಡಾಕ್ಟರ ಫೋನು ಬಂದಿತ್ತು. "ಪೇಷಂಟ್ ಕಡೆಯವ್ರೇನ್ರಿ?" ಅಂದರು. ಹೌದು ಅಂದೆ. "ನೀವು ಹೊರಗ ಕೂತೀರೇನು, ಕಾಣವಲ್ರಿ" ಅಂದರು. ಸ್ವಲ್ಪ ದೂರ ಕೂತಿದ್ದೇನೆ, ಹೇಳಿರಿ ಅಂದೆ.

ಆ ಡಾಕ್ಟರು ಹೇಳಿದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತೇನೆ. ನಿನ್ನ ಜಠರದ ಕೆಳಭಾಗದಲ್ಲಿ ಒಂದು ಹುಣ್ಣು ಇದೆ, ಎಂಟಾಣೆಯ ನಾಣ್ಯದಷ್ಟು. ಅದೇ ಬ್ಯಾಕ್ಟೀರಿಯಾ ಇದೆ. ಹುಣ್ಣಿನ ಅಂಚು ತನಗೆ ಸರಿ ಕಾಣಲಿಲ್ಲ ಎಂದ. ಆರು ಚೂರು ತೆಗೆದು ತಪಾಸಣೆಗೆ ಕಳಿಸಿದ್ದಾರೆ. ಬರೀ ಹುಣ್ಣಿದ್ದರೂ ಇರಬಹುದು, ಆಗ ಗುಳಿಗೆಯಿಂದ ಹೋಗುತ್ತದೆ. ಅಕ್ಕನಿಗೆ ಆದದ್ದೂ ಇರಬಹುದು. ಹಾಗಿದ್ದರೆ ಸಣ್ಣದಿರುವಾಗಲೇ ಸಿಕ್ಕಿದೆ, ಕೊಯ್ದು ತೆಗೆಯಲು ಬರುತ್ತದೆ ಎಂದ. ರಿಪೋರ್ಟು ಮಂಗಳವಾರ.

ಕೊನೆಗೆ ದನಿ ತಗ್ಗಿಸಿ, "ಅಜ್ಜಾರ, ಅವರಿಗೆ ಈಗ್ಲೇ ಹೇಳಬ್ಯಾಡ್ರಿ, ಗಾಬರಿ ಆಗ್ತಾರ. ಅಲ್ಸರ್ ಅಂದುಬಿಡ್ರಿ" ಅಂದ. ಒಳ್ಳೆಯ ಹುಡುಗನೇ. ಬೈಯಲು ಬಾಯಿ ಬರಲಿಲ್ಲ. ಇಲ್ಲಪ್ಪಾ, ಆ ಅಭ್ಯಾಸ ಬಿಟ್ಟಿದ್ದೇವೆ ಅಂದು ಫೋನು ಇಟ್ಟೆ.

ಗಾಬರಿ ಆಯಿತೇನು? ಆಗಲಿ. ನನಗೂ ಆಗಿದೆ. ಅಕ್ಷರ ನೋಡು, ಹೇಗೆ ಓಡಿವೆ. ಮೊದಲು ಏನಾದರೂ ತಿನ್ನು, ಆಮೇಲೆ ಬಸ್ಸು ಹತ್ತು. ಮನೆಗೆ ಹೋದ ಕೂಡಲೇ ಇದನ್ನು ಶಿವರಾಜನಿಗೆ ನೀನೇ ಓದಿ ತೋರಿಸು. ನಾನು ಅವನಿಗೆ ಫೋನು ಮಾಡಿಲ್ಲ, ಅದು ನಿನ್ನ ಬಾಯಿಂದ ಹೋಗಬೇಕು.

ಮಂಗಳವಾರ ನಿನಗಿಂತ ಮೊದಲು ನನಗೆ ಫೋನು ಬರುತ್ತದೆ. ಬಂದ ಹತ್ತು ನಿಮಿಷದೊಳಗೆ ನಿನಗೆ ಬರೆಯುತ್ತೇನೆ. ಅದು ಏನೇ ಇರಲಿ.

ಅಪ್ಪಾಸಾಹೇಬ